ಒಗ್ಗಲಿಲ್ಲ ಎಂದವರು

ಮೊಣಕಾಲಿನಿಂದ ಪಾದದವರೆಗೆ, ಅವರ ಎರಡೂ ಕಾಲುಗಳ ಮುಂಭಾಗದಲ್ಲಿ ಕಂದು ಬಣ್ಣದ ಗೆರೆಗಳು ಬಲೆಯ ಹಾಗೆ ಹರಡಿಕೊಂಡಿದ್ದವು. ಮೊದಲ ಸಲ ನೋಡಿದಾಗ ಹಚ್ಚೆ ಇರಬೇಕು ಎಂದುಕೊಂಡೆ. ಆಮೇಲೆ ಏನೋ ಚರ್ಮರೋಗ ಎಂದು ಅನುಮಾನ ಬಂದು, ಅವರು ಕೊಟ್ಟ ಮಣೆಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಕುಳಿತೆ. ಅವರ ಕಣ್ಣಿಗೆ ಅದು ಬೀಳದೆ ಇರಲಿಲ್ಲ. ಬಚ್ಚಲೊಲೆಗೆ ಇನ್ನೊಂದು ಕೊಳ್ಳಿ ನೂಕಿ, ಬೇಕೆಂದೇ ಸೀರೆಯನ್ನು ಮತ್ತಷ್ಟು ಮೇಲಕ್ಕೆತ್ತಿಕೊಂಡು, "ಅಂಟೋದಲ್ಲ ಟೀಚರೇ, ಚಳಿ ಕಾಯಿಸಿದ್ದು. ಈ ಊರಿಗೆ ಮದುವೆಯಾಗಿ ಬಂದ ಹೆಂಗಸರ ಕಾಲೆಲ್ಲ ಹೀಗೇ. ಯಾರೂ ತೋರ್ಸಲ್ಲ ಅಷ್ಟೇ" ಎಂದರು. ಬೆಂಕಿಯ ಮುಂದೆ ವರ್ಷಾನುಗಟ್ಟಲೆ ಕುಳಿತರೆ ಚರ್ಮ ಹಾಗಾಗುತ್ತದಂತೆ. ನನಗೆ ಗೊತ್ತಿರಲಿಲ್ಲ. ನಾನು ಮಣೆಯನ್ನು ಮುಂದಕ್ಕೆ ಎಳೆದುಕೊಂಡೆ.

ಗುಡ್ಡದ ಮೇಲಿನ ಅತ್ತಿಗುಂಡಿಯಲ್ಲಿ ರಸ್ತೆಯಿಂದ ಒಂದಿಷ್ಟು ಮೆಟ್ಟಿಲು ಹತ್ತಿದರೆ ಅವರ ಮನೆ. ಹಾಗಾಗಿ ಊರಿನವರಿಗೆಲ್ಲ ಅವರು ಮೇಲ್ಮನೆ ಅಮ್ಮ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯ ಹಿಂದೆ ಸಣ್ಣದೊಂದು ಕಾಫಿ ತೋಟ. ಒಬ್ಬನೇ ಮಗ ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರು. ಹೆಂಡತಿ ಮಕ್ಕಳೊಂದಿಗೆ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದುಕೊಂಡು, ಬಿಡುವಾದ ಭಾನುವಾರಗಳಲ್ಲಿ ಬೈಕು ಹತ್ತಿ ಅಮ್ಮನನ್ನು ನೋಡಲು ಬರುತ್ತಿದ್ದರು. ಒಳ್ಳೆಯ ಮನುಷ್ಯ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಬೈಯುವುದಕ್ಕೆ ಯಾರಾದರೂ ಸಿಕ್ಕಿದ್ದರೆ ನನ್ನ ಮನಸ್ಸಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಮನೆಗೆ ನಮ್ಮನ್ನು ಎಳೆದುಕೊಂಡು ಹೋದದ್ದು ನಮ್ಮವರ ಹುಚ್ಚು. ನಮ್ಮವರು ಚಿಕ್ಕಮಗಳೂರಿನ ಒಂದು ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತರಾಗಿದ್ದವರು. ಆಯಸ್ಸಿನ ಬಹುಪಾಲನ್ನು ಗೋಡೌನಿನ ದೂಳಿನಲ್ಲಿ, ಬೇರೆಯವರ ಪಾರ್ಚ್‌ಮೆಂಟ್ ಕಾಫಿ ಚೀಲಗಳ ನಡುವೆ ಕಳೆದವರು. ಕಾಳು ಮೂಸಿ ಇದು ಯಾವ ಗುಡ್ಡದ್ದು ಎಂದು ಹೇಳುತ್ತೇನೆ ಎಂಬ ಜಂಬ ಬೇರೆ. ನಿವೃತ್ತರಾದದ್ದೇ ತಡ, ಇನ್ನು ಮೇಲೆ ಕಾಫಿ ಬೆಳೆಯುವ ಕಡೆಯೇ ಇರಬೇಕು ಎಂದು ಹಟ ಹಿಡಿದರು. ಮೇಲ್ಮನೆಯ ಹಿಂದಿನ ಅರ್ಧ ಭಾಗವನ್ನೂ ಅದಕ್ಕೆ ಅಂಟಿದ ತುಂಡು ತೋಟವನ್ನೂ ಕೊಡಲು ರೈಟರು ಒಪ್ಪಿದ್ದರು. ಅವರಿಬ್ಬರಿಗೂ ಗೋಡೌನಿನ ಕಾಲದ ಪರಿಚಯ. ಇನ್ನು ಉಳಿದದ್ದು ನಾನು. ಬಡಾವಣೆಯ ನಮ್ಮ ಮನೆಯನ್ನು ಮಾರಬೇಕು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡಿದ್ದ ನಾನು ನೌಕರಿ ಬಿಡಬೇಕು. ನಾನು ಹೂಂ ಅಂದರೆ ಕೆಳಗೆ ನಮಗೆ ಅಂತ ಏನೂ ಉಳಿಯುತ್ತಿರಲಿಲ್ಲ.

ಮೊದಲು ಹೋದದ್ದು ಏಪ್ರಿಲ್‌ನಲ್ಲಿ. ಹೂಮಳೆ ಬಿದ್ದು ಗಿಡಗಳೆಲ್ಲ ಬೆಳ್ಳಗೆ ಹೂಬಿಟ್ಟಿದ್ದವು. ಇಳಿಜಾರಿನ ಉದ್ದಕ್ಕೂ ಮಲ್ಲಿಗೆಯಂಥ ವಾಸನೆ. ನಮ್ಮವರು ಜೀಪಿನಿಂದ ಇಳಿದವರೇ ಒಂದು ಹೂಗೊಂಚಲಿಗೆ ಮೂಗು ಹಚ್ಚಿ ನಿಂತುಬಿಟ್ಟರು. ನನಗೂ ಹಿತವಾಗಿಯೇ ಇತ್ತು, ಸುಳ್ಳು ಹೇಳಬಾರದು. ಆದರೆ ಮೇಲ್ಮನೆ ಅಮ್ಮ ಮನೆ ತೋರಿಸಿದ ರೀತಿ ಮಾತ್ರ ವಿಚಿತ್ರವಾಗಿತ್ತು. ಮಾರುವವರು ಯಾರಾದರೂ ಹಾಗೆ ತೋರಿಸುತ್ತಾರೆಯೇ? ಈ ಗೋಡೆ ಜೂನ್‌ನಲ್ಲಿ ಬೆವರುತ್ತದೆ ಎಂದರು. ಈ ಬಾಗಿಲು ಉಬ್ಬಿಕೊಂಡು ಚೌತಿ ದಾಟುವವರೆಗೆ ಹಾಕಲು ಬರುವುದಿಲ್ಲ ಎಂದರು. ಉಪ್ಪಿನ ಭರಣಿಯನ್ನು ಒಲೆಯ ಪಕ್ಕದಿಂದ ಕದಲಿಸಿದರೆ ಉಪ್ಪು ನೀರಾಗುತ್ತದೆ ಎಂದರು. ಮಗ "ಅಮ್ಮ, ಸುಮ್ನಿರಿ" ಎಂದು ಕಣ್ಣುಸನ್ನೆ ಮಾಡಿದರು. ಅವರು ಸುಮ್ಮನಿರುವ ಪೈಕಿಯಲ್ಲ. ನಮ್ಮವರ ಕಡೆಗೆ ತಿರುಗಿ, "ಈಗ ನೋಡಿ ಒಪ್ಪೋದು ಅಂದ್ರೆ, ಬೇರೆಯವರ ಮದುವೇಲಿ ಅಲಂಕಾರ ಮಾಡ್ಕೊಂಡು ನಿಂತ ಹುಡುಗೀನ ನೋಡಿ ಒಪ್ಪಿದ ಹಾಗೆ. ಪುನರ್ವಸು ಮಳೇಲಿ ಬಂದು ಇದ್ದು ನೋಡಿ, ಆಮೇಲೆ ಮಾತಾಡಣ" ಎಂದರು. ನಮ್ಮವರು ಅದನ್ನು ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ.

ಆ ಬೇಸಿಗೆ ರಜೆಯಲ್ಲಿ ನಾವು ಆಗಾಗ ಹೋಗಿ ಹಿಂದಿನ ಭಾಗದಲ್ಲಿ ಉಳಿದು ಬರತೊಡಗಿದೆವು. ಹಾಗೆ ಅಮ್ಮನ ಪರಿಚಯ ಬೆಳೆಯಿತು. ಚಳಿಯಿರಲಿ ಇಲ್ಲದಿರಲಿ, ತಲೆಗೆ ಕಿವಿ ಮುಚ್ಚುವಂತೆ ಟವೆಲು ಸುತ್ತಿ ಗಲ್ಲದ ಕೆಳಗೆ ಗಂಟು ಹಾಕಿಕೊಂಡಿರುತ್ತಿದ್ದರು. ಹಿಂದೆ ತುರುಬಿಗೆ ಮಾತ್ರ ತಪ್ಪದೆ ಒಂದು ಡೇರೆ ಹೂವು. ಬಿಸಿಲು ಬಂದರೆ ಕಾಫಿ ಒಣಗಿಸುವ ಕಣದಲ್ಲಿ ಕಂಬಳಿ ಹಾಕಿಕೊಂಡು ಕೂರುವರು. ಸಿಲ್ವರ್ ಮರದ ನೆರಳು ಸರಿದಂತೆ ಕಂಬಳಿಯನ್ನೂ ಸರಿಸಿಕೊಳ್ಳುತ್ತಾ ಸಂಜೆಯ ಹೊತ್ತಿಗೆ ಕಣದ ಆ ತುದಿಯಿಂದ ಈ ತುದಿಗೆ ಬಂದಿರುತ್ತಿದ್ದರು. ಆಗ ಯಾರಾದರೂ ಮಾತಿಗೆ ಬಂದರೆ ಕಣ್ಣು ಮುಚ್ಚಿಕೊಂಡೇ, "ಬಿಸಿಲು ಹೋದ್ಮೇಲೆ ಬಾ ಮಾರಾಯ್ತಿ, ಆವಾಗ ನಂಗೆ ಬೇರೆ ಎಂತ ಕೆಲಸ" ಎಂದು ಕಳಿಸಿಬಿಡುವರು.

ನನಗೆ ಮಾತ್ರ ಆ ಕಟ್ಟುನಿಟ್ಟು ಇರಲಿಲ್ಲ. ನಾನು ಕಡೂರಿನ ಕಡೆಯವಳು ಎಂದು ತಿಳಿದ ದಿನದಿಂದ ಕಂಬಳಿಯ ಮೇಲೆ ನನಗೂ ಜಾಗ ಬಿಡುತ್ತಿದ್ದರು. ಅವರ ತವರು ಅರಸೀಕೆರೆಯ ಹತ್ತಿರದ ಒಂದು ಹಳ್ಳಿ. ನಮ್ಮ ಕಡೆ ಮೇ ತಿಂಗಳಲ್ಲಿ ಚಾಪೆ ತೆಗೆದುಕೊಂಡು ಮಾಳಿಗೆ ಹತ್ತಿ ಮಲಗುವುದು, ಸಿಮೆಂಟು ಕಾದು ಕಾಲು ಸುಡುವುದು, ಒಗೆದ ಬಟ್ಟೆ ಊಟ ಮುಗಿಸಿ ಬರುವಷ್ಟರಲ್ಲಿ ಗರಿಗರಿಯಾಗುವುದು, ಇವನ್ನೆಲ್ಲ ನಾನು ಗೊಣಗುತ್ತಾ ಹೇಳಿದರೆ ಅವರು ಹರಿಕಥೆ ಕೇಳುವ ಹಾಗೆ ಕೇಳುವರು. ಬಟ್ಟೆಯ ವಿಷಯವನ್ನಂತೂ ಮತ್ತೆ ಮತ್ತೆ ಹೇಳಿಸುವರು.

ಆ ಊರಿನಲ್ಲಿ ಹೊಸಬರನ್ನು ಕೇಳುವುದು ಒಂದೇ ಪ್ರಶ್ನೆ. ಊರು ಹೇಗಿದೆ ಎಂದಾಗಲೀ ಇಷ್ಟವಾಯಿತೇ ಎಂದಾಗಲೀ ಯಾರೂ ಕೇಳುವುದಿಲ್ಲ. ಅಂಗಡಿಯವರು, ಜೀಪಿನವರು, ಹಾಲು ಕೊಡುವ ಹೆಂಗಸು, ಎಲ್ಲರೂ ಕೇಳುವುದು "ಒಗ್ಗಿತಾ?" ಕನ್ನಡದ ಟೀಚರಾದ ನನಗೆ ಮೊದಮೊದಲು ಆ ಮಾತು ತುಂಬ ಚೆನ್ನಾಗಿ ಕಂಡಿತು. ಇಷ್ಟವಾಗುವುದು ಮನಸ್ಸಿಗೆ ಸೇರಿದ್ದು, ಒಗ್ಗುವುದು ಮೈಗೆ ಸೇರಿದ್ದು. ನೀರು, ಗಾಳಿ, ಚಳಿ ಒಂದು ದೇಹಕ್ಕೆ ಹೊಂದಿಕೊಂಡವೋ ಇಲ್ಲವೋ ಎಂಬುದನ್ನು ಎಷ್ಟು ಸರಿಯಾಗಿ ಕೇಳುತ್ತಾರೆ ಎನ್ನಿಸಿತು. ಆಮೇಲೆ ಗೊತ್ತಾಯಿತು, ಯಾರೂ ಉತ್ತರಕ್ಕೆ ಕಾಯುತ್ತಿರಲಿಲ್ಲ. ಒಗ್ಗಿತು ಎನ್ನುವುದು ಅಲ್ಲಿ ಮರ್ಯಾದೆಯ ಮಾತು. ಒಗ್ಗಲಿಲ್ಲ ಎಂದರೆ ಅವರ ಊರನ್ನೇ ಬೈದ ಹಾಗೆ. ನಾನೂ ಎಲ್ಲರಿಗೂ ಒಗ್ಗಿತು, ಒಗ್ಗಿತು ಎಂದು ಹೇಳಿಕೊಂಡು ಓಡಾಡಿದೆ. ನನ್ನನ್ನು ಹಾಗೆ ಕೇಳದೆ ಇದ್ದವರು ಮೇಲ್ಮನೆ ಅಮ್ಮ ಒಬ್ಬರೇ.

ಜುಲೈಯಲ್ಲಿ ಶಾಲೆಗಳಿಗೆ ಮಳೆ ರಜೆ ಕೊಟ್ಟರು. ಗಾಳಿ ಮಳೆಗೆ ಹೆದರಿ ಜನ ಗುಡ್ಡದಿಂದ ಇಳಿಯುತ್ತಿದ್ದಾಗ ನಾವು ಹತ್ತಿದೆವು. ಅಮ್ಮ ಹೇಳಿದ್ದಂತೆ ಇದ್ದು ನೋಡೋಣ ಎಂದು ಹಟ ಮಾಡಿದ್ದು ನಾನೇ. ನಮ್ಮವರು ಹೊಸ ಮಂಕಿ ಕ್ಯಾಪು, ಬೂಟು ಕೊಂಡುಕೊಂಡು ಮದುಮಗನ ಹಾಗೆ ಹೊರಟಿದ್ದರು.

ಮಳೆಯನ್ನು ನಾನು ಕಂಡವಳೇ. ಆದರೆ ಆ ಮಂಜನ್ನು ಕಂಡಿರಲಿಲ್ಲ. ಕಿಟಕಿ ತೆರೆದರೆ ಒಳಗೆ ಬಂದು ಹಾಸಿಗೆಯ ಮೇಲೆ ಕೂತುಬಿಡುತ್ತಿತ್ತು. ಮಧ್ಯಾಹ್ನವೂ ದೀಪ ಬೇಕು. ಹೊದೆಯುವ ಕಂಬಳಿ ಹೊರಗಿನ ಗಾಳಿಗಿಂತ ತಣ್ಣಗೆ. ಬೆಂಕಿಪೊಟ್ಟಣವನ್ನು ಎದೆಯಲ್ಲಿ ಇಟ್ಟುಕೊಂಡು ಓಡಾಡಬೇಕು. ಇದೆಲ್ಲವನ್ನೂ ಹೇಗೋ ಸಹಿಸಬಹುದಿತ್ತೇನೋ, ಆದರೆ ನನ್ನ ಕೈ ಕೇಳಲಿಲ್ಲ. ಬೆರಳಿನ ಗಿಣ್ಣುಗಳು ಊದಿಕೊಂಡು ಮಡಚಲು ಬರದಾದವು. ಬೆಳಿಗ್ಗೆ ರವಿಕೆಯ ಹುಕ್ಕು ಹಾಕಿಕೊಳ್ಳಲಾಗದೆ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ಕೆಳಗಿರುವಾಗಲೂ ಒಂದಿಷ್ಟು ನೋವಿತ್ತು. ವಯಸ್ಸು, ಸೀಮೆಸುಣ್ಣ ಹಿಡಿದ ಕೈ ಎಂದು ತಳ್ಳಿಹಾಕಿದ್ದೆ. ನಮ್ಮವರಿಗೆ ಹೇಳಿರಲಿಲ್ಲ.

ಅಲ್ಲಂತೂ ಹೇಗೆ ಹೇಳುವುದು? ಮದುವೆಯಾದ ಮೇಲೆ ಅವರು ಅಷ್ಟು ಸಂತೋಷವಾಗಿದ್ದುದನ್ನು ನಾನು ನೋಡಿರಲಿಲ್ಲ. ಎದ್ದ ಕೂಡಲೇ ಕಿಟಕಿಗೆ ಹೋಗಿ ಏನೂ ಕಾಣದ ಬಿಳಿಯನ್ನು ನೋಡಿ ಆಹಾ ಎನ್ನುವರು. ಇಲ್ಲಿ ಅಡುಗೆಮನೆ ಮಾಡೋಣ, ಇಲ್ಲಿ ನಿನ್ನ ಪುಸ್ತಕದ ಬೀರು ಎಂದು ಗೋಡೆಗಳನ್ನು ತಟ್ಟಿ ತೋರಿಸುವರು. ದುಂದು ಮಾಡದ, ಏನನ್ನೂ ಬೇಕೆಂದು ಕೇಳದ ಮನುಷ್ಯ ಜೀವಮಾನದಲ್ಲಿ ಬೇಕು ಎಂದದ್ದು ಇದೊಂದನ್ನೇ. ನಾನು ಒಪ್ಪಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡಿದ್ದೆ. ಎಲ್ಲರಿಗೂ ಒಗ್ಗಿದ್ದು ನನಗೂ ಒಗ್ಗೀತು ಎಂದು ಸಮಾಧಾನ ಹೇಳಿಕೊಂಡಿದ್ದೆ.

ಒಂದು ಮಧ್ಯಾಹ್ನ ನಮ್ಮವರು ಊರಿನವರ ಜೊತೆ ಬಿದ್ದ ಮರ ನೋಡಲು ಹೋಗಿದ್ದರು. ನಾನು ಮುಂದಿನ ಭಾಗದ ಬಚ್ಚಲಿಗೆ ಹೋಗಿ ಅಮ್ಮನ ಪಕ್ಕ ಕುಳಿತೆ. ಮಳೆಗಾಲದಲ್ಲಿ ಆ ಬಚ್ಚಲೇ ಮನೆಯ ನಡುಮನೆ. ಹಂಡೆಯ ಒಲೆ ಆರುವುದೇ ಇಲ್ಲ. ಮೇಲೆ ಕಟ್ಟಿದ ಬಿದಿರಿನ ಗಳುವಿನಲ್ಲಿ ಬಟ್ಟೆ ಒಣಗುತ್ತಿರುತ್ತದೆ, ಕೆಳಗೆ ಜನ ಕೂತಿರುತ್ತಾರೆ. ಅವರು ಕಾಫಿ ಕೊಟ್ಟರು. ಲೋಟವನ್ನು ಬೆರಳಿನಲ್ಲಿ ಹಿಡಿಯಲಾಗದೆ ಎರಡು ಅಂಗೈಯ ನಡುವೆ ಒತ್ತಿಕೊಂಡು ಕುಡಿದೆ. ನಾನು ಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂತು.

"ಅಮ್ಮ, ನಿಮಗೆ ಒಗ್ಗಿತಾ ಈ ಊರು?"

ಅವರು ಕೊಳ್ಳಿಯನ್ನು ಹೊರಗೆಳೆದು, ಬೂದಿ ಕೊಡವಿ, ಮತ್ತೆ ಒಳಗೆ ನೂಕಿದರು. ಕೇಳಬಾರದ್ದನ್ನು ಕೇಳಿದೆನೇನೋ ಎಂದು ನನಗೆ ಮುಜುಗರವಾಯಿತು.

"ಇಲ್ಲ" ಎಂದರು. "ಒಗ್ಗಲಿಲ್ಲ."

ಆಮೇಲೆ ಹೇಳಿದರು. ಮದುವೆಯಾಗಿ ಬಂದ ಮೊದಲ ಮಳೆಗಾಲ. ಮೈಯೆಲ್ಲ ನಡುಕ, ಕಾಲಿನ ಬೆರಳ ಸಂದಿಯಲ್ಲಿ ಹುಣ್ಣು, ತಿಂದದ್ದು ನಿಲ್ಲದು. ಗೌರಿ ಹಬ್ಬಕ್ಕೆ ಅಪ್ಪ ಬಾಗಿನ ತೆಗೆದುಕೊಂಡು ಬಂದರಂತೆ. ಬಯಲಿನ ಮನುಷ್ಯ, ಒದ್ದೆ ಕೊಡೆ ಹಿಡಿದು ಜಗಲಿಯಲ್ಲಿ ಕೂತೇ ನಡುಗುತ್ತಿದ್ದರಂತೆ. ಮಗಳ ಮುಖ ನೋಡಿ, ಒಗ್ಗಿತೇನವ್ವಾ ಎಂದು ಕೇಳಿದರು. ಒಗ್ಗಲಿಲ್ಲ, ಕರಕೊಂಡು ಹೋಗು ಎನ್ನುವುದಕ್ಕೆಂದೇ ಇವರು ತಿಂಗಳುಗಟ್ಟಲೆ ಕಾದಿದ್ದರು. ಆದರೆ ಅತ್ತೆ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕೆಟ್ಟ ಅತ್ತೆಯೇನಲ್ಲ, ರಾತ್ರಿ ಇವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವರು. ಅವರ ಎದುರಿಗೆ ಹೇಗೆ ಹೇಳುವುದು ಎಂದು ದಾಕ್ಷಿಣ್ಯಕ್ಕೆ ಒಗ್ಗಿತು ಎಂದರು. ಅಪ್ಪನ ಮುಖ ಅರಳಿತು. ನಿರಾಳವಾಗಿ ಊಟ ಮಾಡಿ ಹೊರಟುಹೋದರು.

"ಆಮೇಲೆ ಯಾರೂ ಕೇಳ್ಲಿಲ್ಲ ಟೀಚರೇ. ಒಂದ್ಸಲ ಒಗ್ಗಿತು ಅಂದವಳನ್ನ ಇನ್ನೆಂತಕ್ಕೆ ಕೇಳ್ತಾರೆ? ನನ್ನ ಆಯಸ್ಸೆಲ್ಲ ಆ ಒಂದು ಮಾತಿನ ಮೇಲೆ ಕಳೀತು."

ಅಳು ಇರಲಿಲ್ಲ, ದೂರೂ ಇರಲಿಲ್ಲ. ಪಕ್ಕದ ಮನೆಯವರ ವಿಷಯ ಹೇಳಿದ ಹಾಗೆ ಹೇಳಿ ಮುಗಿಸಿದರು. ಆಮೇಲೆ ಕೈ ಚಾಚಿ, ಕೈ ತೋರಿಸಿ ಎಂದರು. ನಾನು ಲೋಟ ಕೆಳಗಿಟ್ಟು ತೋರಿಸಿದೆ. ಒಂದೊಂದೇ ಗಿಣ್ಣನ್ನು ಬೆರಳಿನಲ್ಲಿ ಒತ್ತಿ ನೋಡಿದರು. ನಾನು ಹಲ್ಲು ಕಚ್ಚಿ ಕುಳಿತಿದ್ದೆ.

"ಯಜಮಾನ್ರಿಗೆ ಹೇಳಿ. ಇವತ್ತೇ ಹೇಳ್ಬಿಡಿ. ಅವರ ಮುಖ ನೋಡ್ಬೇಡಿ, ನೋಡಿದ್ರೆ ಹೇಳೋಕ್ಕಾಗಲ್ಲ."

ಸಂಜೆ ನಮ್ಮವರು ಬಂದು ಬೂಟು ಬಿಚ್ಚುತ್ತಿದ್ದಾಗ, ಗೋಡೆಯ ಕಡೆ ತಿರುಗಿ ನಿಂತು ಹೇಳಿದೆ. ಕೈಯ ವಿಷಯ, ಹುಕ್ಕಿನ ವಿಷಯ, ನನ್ನಿಂದ ಇಲ್ಲಿ ಇರಲಾಗುವುದಿಲ್ಲ ಎಂಬ ವಿಷಯ. ಇನ್ನೊಂದು ಬೂಟು ಬಿಚ್ಚಿಟ್ಟ ಸದ್ದು ಕೇಳಿತು. ಆಮೇಲೆ, "ಮೊದಲೇ ಹೇಳಬಾರದಿತ್ತಾ? ಇಷ್ಟು ದಿನ ನೋವು ತಿಂದೆಯಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಮಂಕಿ ಕ್ಯಾಪನ್ನು ತೆಗೆದು, ಅಂಗಡಿಯಲ್ಲಿ ಮಡಚಿ ಕೊಟ್ಟಿದ್ದ ಹಾಗೆಯೇ ಮಡಚಿ, ಚೀಲಕ್ಕೆ ಹಾಕಿದರು. ಮಾರನೆಯ ದಿನ ಗುಡ್ಡ ಇಳಿಯುವಾಗ ಕಿಟಕಿಯ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟು, ತಾವು ಕಣ್ಣು ಮುಚ್ಚಿಕೊಂಡು ಕುಳಿತರು.

ಹೊರಡುವಾಗ ಅಮ್ಮ ಮೆಟ್ಟಿಲ ತನಕ ಬಂದಿದ್ದರು. ನಮ್ಮವರು ನಾಚಿಕೆಯಿಂದ, ನಿಮಗೆ ಆಸೆ ತೋರಿಸಿ ಹೀಗೆ ಮಾಡಿದೆವು, ಮಗನಿಗೆ ಏನು ಹೇಳುತ್ತೀರೋ ಎಂದರು. ಅವರು ನಕ್ಕು, ಅವನಿಗೆ ನಾನು ಹೇಳ್ತೀನಿ, ನೀವು ಟೀಚರನ್ನ ಡಾಕ್ಟರಿಗೆ ತೋರಿಸಿ ಎಂದರು. ಆ ಮಂಜಿನಲ್ಲಿ ಅವರ ಮುಖ ಸರಿಯಾಗಿ ಕಾಣಲಿಲ್ಲ.

ಡಾಕ್ಟರು ಸಂಧಿವಾತ ಎಂದರು. ಮಾತ್ರೆ ಶುರುವಾಯಿತು. ಚಳಿಯ ಜಾಗಕ್ಕೆ ಹೋಗಿ ನೆಲೆಸಿದ್ದರೆ ಕೈ ಇನ್ನಷ್ಟು ಬೇಗ ಕೆಲಸಕ್ಕೆ ಬಾರದಾಗುತ್ತಿತ್ತು ಎಂದು ಅವರು ಹೇಳಿದಾಗ ನಮ್ಮವರು ನನ್ನ ಮುಖ ನೋಡಿದರು. ಅಂದಿನಿಂದ ಗುಡ್ಡದ ಮಾತು ಎತ್ತಿದ್ದೇ ಇಲ್ಲ. ಆದರೆ ಆಕಾಶ ತೆರೆದ ಬೆಳಿಗ್ಗೆ ತಾರಸಿಯ ಮೇಲೆ ಹೋಗಿ ಗಿರಿಯ ಕಡೆ ಮುಖ ಮಾಡಿ ನಿಂತಿರುತ್ತಾರೆ. ನಾನು ಕಾಫಿ ಕೊಟ್ಟು ಬರುತ್ತೇನೆ.

ಮುಂದಿನ ಯುಗಾದಿ ಕಳೆದ ಮೇಲೆ ನಮ್ಮವರಿಗೆ ಪೇಟೆಯಲ್ಲಿ ರೈಟರು ಸಿಕ್ಕಿ, ಅಮ್ಮ ಈಗ ಗೋಣಿಬೀಡಿನಲ್ಲಿ ನಮ್ಮ ಜೊತೆಗೇ ಇದ್ದಾರೆ ಎಂದರಂತೆ. ನನಗೆ ಸಂತೋಷವಾಯಿತು. ಅಂತೂ ಆ ಚಳಿಯಿಂದ ಬಿಡುಗಡೆಯಾಯಿತಲ್ಲ ಎಂದುಕೊಂಡೆ. ಒಂದು ಭಾನುವಾರ ಇಬ್ಬರೂ ಬಸ್ಸು ಹತ್ತಿ ಹೋದೆವು.

ಕ್ವಾರ್ಟರ್ಸಿನ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದರು. ತಲೆಗೆ ಟವೆಲು ಇರಲಿಲ್ಲ. ಅವರ ಕಿವಿಗಳನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟೊಂದು ತೆಳ್ಳಗಾಗಿದ್ದರು. ಅಂಗಳದ ತುಂಬ ಬಿಸಿಲಿತ್ತು. ಅವರು ನೆರಳಿನಲ್ಲಿದ್ದರು. "ಈಗ ಬಿಸಿಲು ಬೇಕಾದಷ್ಟು, ಕಂಬಳಿ ಎಲ್ಲಿ?" ಎಂದು ನಾನು ತಮಾಷೆ ಮಾಡಿದೆ. ಇಡೀ ದಿನ ಇರುತ್ತಲ್ಲ, ಅದಕ್ಕೆ ಯಾರು ಎದ್ದು ಹೋಗ್ತಾರೆ ಎಂದರು. ಸೊಸೆ ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಳು, ಅದು ಕಣ್ಣಿಗೆ ಕಾಣುತ್ತಿತ್ತು. ಆದರೆ ಅತ್ತೆ ಅನ್ನ ಮುಟ್ಟುವುದಿಲ್ಲ, ನಿದ್ದೆ ಮಾಡುವುದಿಲ್ಲ, ಗ್ಯಾಸ್ ಒಲೆಯ ಮುಂದೆ ಹೋಗಿ ಸುಮ್ಮನೆ ಕೂತಿರುತ್ತಾರೆ ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿಕೊಂಡಳು.

ಊಟವಾದ ಮೇಲೆ ಎಲ್ಲರೂ ವರಾಂಡದಲ್ಲಿ ಕೂತಿದ್ದೆವು. ರೈಟರು ನಮ್ಮವರ ಹತ್ತಿರ ಮಾತಾಡುತ್ತಾ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, "ನೀವು ಬಂದಿದ್ರೆ ಅಮ್ಮ ಅಲ್ಲೇ ಇರ್ತಿದ್ರು ಸಾರ್. ಹಿಂದುಗಡೆ ಒಂದು ಸಂಸಾರ ಅಂತ ಇದ್ರೆ ಮಾತ್ರ ಅಲ್ಲಿ ಇರಿ, ಇಲ್ಲಾಂದ್ರೆ ನನ್ ಜೊತೆ ಬನ್ನಿ ಅಂತ ಮಾತಾಗಿತ್ತು. ಅವ್ರೂ ಒಪ್ಪಿದ್ರು. ನೀವು ಬಿಟ್ಮೇಲೆ ಬೇರೆ ಯಾರೂ ಸಿಗ್ಲಿಲ್ಲ" ಎಂದರು. ತಪ್ಪೇನು? ವಯಸ್ಸಾದ ತಾಯಿಯನ್ನು ಆ ಗಾಳಿಯಲ್ಲಿ ಒಬ್ಬರನ್ನೇ ಹೇಗೆ ಬಿಡುವುದು? ಯಾವ ಮಗನಾದರೂ ಹಾಗೇ ಹೇಳುತ್ತಾನೆ.

ಗಂಡಸರು ಎದ್ದು ತೋಟದ ಕಡೆ ಹೋದ ಮೇಲೆ ನಾನು ಅವರ ಕುರ್ಚಿಯ ಪಕ್ಕ ನೆಲದಲ್ಲಿ ಕುಳಿತೆ. ಈ ಮಾತು ಯಾವಾಗ ಆಗಿದ್ದು ಎಂದು ಕೇಳಿದೆ. ನೀವು ಮೊದಲು ಮನೆ ನೋಡೋಕೆ ಬರೋ ಮುಂಚೆ ಎಂದರು. ಅಂದರೆ ಆ ಮಧ್ಯಾಹ್ನ ಬಚ್ಚಲೊಲೆಯ ಮುಂದೆ ಅವರಿಗೆ ಎಲ್ಲವೂ ಗೊತ್ತಿತ್ತು. ನಾನು ಹೋದರೆ ತಾವೂ ಹೋಗಬೇಕು ಎಂದು ಗೊತ್ತಿದ್ದೂ ನನ್ನ ಕೈ ಹಿಡಿದು ನೋಡಿದ್ದರು. ನನಗೆ ಮೊದಲು ಬಂದದ್ದು ಸಿಟ್ಟು.

"ಒಗ್ಗಲಿಲ್ಲ ಅಂದ್ರಲ್ಲ ನನಗೆ. ಹಾಗಾದ್ರೆ ಬಿಟ್ಟು ಬಂದದ್ದು ಒಳ್ಳೇದೇ ಆಯ್ತಲ್ಲ?"

"ಒಗ್ಗಲಿಲ್ಲ ಅಂದ್ರೆ ಬೇಡ ಅಂತ ಅಲ್ಲ ಟೀಚರೇ" ಎಂದರು. ಉಸಿರು ತೆಗೆದುಕೊಳ್ಳಲು ಸ್ವಲ್ಪ ತಡೆದರು. "ಇದ್ದೂ ಇದ್ದೂ ಬೇರೆ ಕಡೆ ಹೆಂಗಿರೋದು ಅನ್ನೋದೇ ಮರ್ತುಹೋಗಿತ್ತು."

"ಮತ್ತೆ ನನಗೆ ಯಾಕೆ ಹೇಳಿದ್ರಿ?"

ಅವರು ನನ್ನನ್ನು ನೋಡಿದರು. ಇಷ್ಟು ಓದಿದವಳಿಗೆ ಇದೂ ತಿಳಿಯುವುದಿಲ್ಲವೇ ಎಂಬ, ಅವರ ಹಳೆಯ ಕೀಟಲೆಯ ನೋಟ.

"ನೀವು ಕೇಳಿದ್ರಲ್ಲ."

ಅದೇ ವರ್ಷ ಆಷಾಢದಲ್ಲಿ, ಸಣ್ಣ ಜ್ವರವೇ ನೆಪವಾಗಿ, ಅವರು ಹೋದರು. ಗುಡ್ಡಕ್ಕೆ ಒಯ್ಯಬೇಕೆಂದು ಮಗ ತುಂಬ ಒದ್ದಾಡಿದರಂತೆ. ಮಣ್ಣು ಜರಿದು ಮೇಲಿನ ರಸ್ತೆ ಮುಚ್ಚಿತ್ತು. ಗೋಣಿಬೀಡಿನಲ್ಲೇ ಎಲ್ಲ ಮುಗಿಸಿದರು. ನಮಗೆ ತಿಳಿದು ನಾವು ಹೋಗುವಷ್ಟರಲ್ಲಿ ತಿಥಿಯ ದಿನ ಬಂದಿತ್ತು. ಮೇಲ್ಮನೆ ಈಗ ಹೋಮ್‌ಸ್ಟೇ ಆಗಿದೆ. ಬಂದವರು ಎರಡು ದಿನ ಮಂಜು ನೋಡಿ, ಫೋಟೋ ತೆಗೆದುಕೊಂಡು ಇಳಿದುಹೋಗುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ.

ನನ್ನ ಕೈ ಇವತ್ತಿಗೂ ಪೆನ್ನು ಹಿಡಿಯುತ್ತದೆ. ಇದನ್ನು ನಾನೇ ಬರೆಯುತ್ತಿದ್ದೇನೆ, ನಿಧಾನವಾಗಿಯಾದರೂ. ಈ ಋಣವನ್ನು ಯಾರಿಗೆ, ಹೇಗೆ ತೀರಿಸುವುದು ಎಂದು ನನಗೆ ತಿಳಿಯುವುದಿಲ್ಲ. ಆ ಮಧ್ಯಾಹ್ನ ಅವರು, ಊರಿನ ಎಲ್ಲರೂ ಹೇಳುವ ಹಾಗೆ, ಒಗ್ಗುತ್ತೆ ಟೀಚರೇ, ಸ್ವಲ್ಪ ದಿನ ಹೋಗಲಿ ಎಂದಿದ್ದರೆ ಸಾಕಿತ್ತು. ಸುಳ್ಳೆಂದು ಯಾರೂ ಅನ್ನುತ್ತಿರಲಿಲ್ಲ. ನಾನು ನಂಬುತ್ತಿದ್ದೆ, ಮನೆ ಮಾರುತ್ತಿದ್ದೆ, ಮೇಲಕ್ಕೆ ಹೋಗುತ್ತಿದ್ದೆ. ಅವರು ತಮ್ಮ ಮನೆಯಲ್ಲೇ ಸಾಯುತ್ತಿದ್ದರು.